ತಾರಸಿಯಲ್ಲಿ 200 ಚೀಲ ಹಿಡಿಯುತ್ತೆ, ಸರಿ. ನೀರು ಹಾಕೋರು ಯಾರು?

ಪ್ರಶ್ನೆ: ನಮ್ಮದು ಮೈಸೂರಿನಲ್ಲಿ 30×40 ಸೈಟಿನ ಮನೆ. ತಾರಸಿ ಸುಮಾರು 800 ಚದರಡಿ ಇದೆ. ಅದರಲ್ಲಿ 20×20 ಅಡಿ ಜಾಗದಲ್ಲಿ ತರಕಾರಿ ಬೆಳೆಯೋಣ ಅಂತ ಆಸೆ. ಮನೆಯಲ್ಲಿ ನಾಲ್ಕು ಜನ. ನರ್ಸರಿಯವರು 12 ಇಂಚಿನ ಗ್ರೋ ಬ್ಯಾಗ್ (ಗಿಡ ಬೆಳೆಸೋ ಚೀಲ) 200 ಆರಾಮಾಗಿ ಹಿಡಿಯುತ್ತೆ ಅಂತಾರೆ. ನಮ್ಮ ಯಜಮಾನರು ಚೀಲ ಗೀಲ ಏನೂ ಬೇಡ, ಇಟ್ಟಿಗೆ ಕಟ್ಟಿಸಿ ಒಂದಡಿ ಮಣ್ಣು ತುಂಬಿಸಿ ಮಡಿ ಮಾಡೋಣ ಅಂತಾರೆ. ಯಾವುದು ಸರಿ? ಎಷ್ಟು ಗಿಡ, ಎಷ್ಟು ಮಣ್ಣು, ಎಷ್ಟು ನೀರು ಬೇಕು? ಲೆಕ್ಕ ಅಂದ್ರೆ ನನಗೆ ಹೈಸ್ಕೂಲಿನಿಂದಲೂ ಭಯ. ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಭಯ ಬೇಡ. ಇಲ್ಲಿ ಬೇಕಾಗಿರೋದು ಗುಣಾಕಾರ, ಭಾಗಾಕಾರ, ತ್ರೈರಾಶಿ, ಅಷ್ಟೇ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಜೊತೆಗೆ ಒಂದು ಅಳತೆ ಟೇಪು, ಒಂದು ಬಕೆಟ್, ತೂಕ ನೋಡೋಕೆ ಒಂದು ತಕ್ಕಡಿ ಇದ್ದರೆ ಆಯ್ತು.

ಮೊದಲು ನಿಮ್ಮ ಯಜಮಾನರ ಮಡಿಯ ವಿಷಯ ಮುಗಿಸಿಬಿಡೋಣ, ಯಾಕಂದ್ರೆ ಅದರಲ್ಲಿ ಅಪಾಯ ಇದೆ. 20 ಅಡಿ ಉದ್ದ, 20 ಅಡಿ ಅಗಲ, ಒಂದಡಿ ಆಳ ಅಂದ್ರೆ 400 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಅಂದ್ರೆ ಹತ್ತಿರ ಹತ್ತಿರ 11,300 ಲೀಟರ್ ಮಣ್ಣು. ನೀರು ಕುಡಿದ ಕೆಮ್ಮಣ್ಣು ಲೀಟರಿಗೆ ಒಂದೂವರೆ ಕೆಜಿ ಅಂತ ಕಡಿಮೆಯಲ್ಲೇ ಹಿಡಿದರೂ 17 ಟನ್ ಆಗುತ್ತೆ, ಇಟ್ಟಿಗೆ ಬೇರೆ. ಒಂದು ಚದರಡಿಗೆ 42 ಕೆಜಿ. ನಮ್ಮ ದೇಶದಲ್ಲಿ ಕಟ್ಟಡದ ಭಾರಕ್ಕೆ ಇರುವ ಮಾನಕ ಐಎಸ್ 875, ಅದರ ಎರಡನೇ ಭಾಗದ ಪ್ರಕಾರ ಜನ ಓಡಾಡುವ ಮಟ್ಟಸ ತಾರಸಿಯನ್ನು ಚದರ ಮೀಟರಿಗೆ 150 ಕೆಜಿ ಹೊರೆ ತಾಳುವ ಹಾಗೆ ಲೆಕ್ಕ ಹಾಕ್ತಾರೆ. ಒಂದು ಚದರ ಮೀಟರಿನಲ್ಲಿ 10.76 ಚದರಡಿ. 150ನ್ನು 10.76ರಿಂದ ಭಾಗಿಸಿ: ಚದರಡಿಗೆ ಸುಮಾರು 14 ಕೆಜಿ. ನಿಮ್ಮ ಮಡಿ ಇದರ ಮೂರು ಪಟ್ಟು. ಬೇಡ. ಇದರಲ್ಲಿ ಚೌಕಾಸಿ ಇಲ್ಲ. ಮೆಟ್ಟಿಲು ಕೂಡ ಇಲ್ಲದೆ, ರಿಪೇರಿಗೆ ಮಾತ್ರ ಹತ್ತುವ ತಾರಸಿ ಆಗಿದ್ದರೆ ಈ 14 ಕೂಡ ಸಿಗಲ್ಲ, ಅದರ ಅರ್ಧಕ್ಕೆ ಲೆಕ್ಕ ಹಾಕಿರ್ತಾರೆ. ಮನೆ ಹಳೆಯದಾಗಿದ್ದರೆ, ಛಾವಣಿಯಲ್ಲಿ ಬಿರುಕೋ ತೇವವೋ ಕಾಣ್ತಿದ್ದರೆ, ಒಂದು ಚೀಲ ಇಡೋ ಮುಂಚೆಯೇ ಇಂಜಿನಿಯರನ್ನು ಕರೆಸಿ ತೋರಿಸಿ.

ಈಗ ಚೀಲ. 12 ಇಂಚು ಅಗಲ, 12 ಇಂಚು ಎತ್ತರದ ದುಂಡನೆ ಚೀಲದಲ್ಲಿ ಎಷ್ಟು ಹಿಡಿಯುತ್ತೆ ಅಂತ ತಿಳಿಯೋಕೆ, ಅಗಲದ ಅರ್ಧವನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿ, ಎತ್ತರದಿಂದ ಗುಣಿಸಿ. ಅಡಿ ಲೆಕ್ಕದಲ್ಲಿ 0.5 × 0.5 × 3.14 × 1, ಅಂದ್ರೆ 0.785 ಘನ ಅಡಿ, ಅಂದ್ರೆ 22 ಲೀಟರ್. ಆದರೆ ಚೀಲವನ್ನು ಯಾರೂ ಬಾಯಿ ತನಕ ತುಂಬಿಸಲ್ಲ. ನೀರು ನಿಲ್ಲೋಕೆ ಎರಡು ಇಂಚು ಬಿಡಬೇಕು. ಹಾಗಾಗಿ 18ರಿಂದ 19 ಲೀಟರ್ ಅನ್ನಿ.

ಇದಕ್ಕೆ ಬರೀ ತೋಟದ ಮಣ್ಣು ತುಂಬಿಸಿದರೆ ನೆನೆದಾಗ ಚೀಲಕ್ಕೆ 28 ಕೆಜಿ. 200 ಚೀಲಕ್ಕೆ 5,600 ಕೆಜಿ. 400 ಚದರಡಿಗೆ ಹಂಚಿದರೆ ಚದರಡಿಗೆ ಸರಿಯಾಗಿ 14 ಕೆಜಿ. ನೋಡಿ, ಮಿತಿ ಅಲ್ಲಿಗೇ ಮುಗೀತು, ಇನ್ನೂ ನೀವು ಕಾಲಿಟ್ಟಿಲ್ಲ! ಅದೇ ಕೆಮ್ಮಣ್ಣು, ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಸಮ ಬೆರೆಸಿದರೆ ನೆನೆದಾಗಲೂ ಲೀಟರಿಗೆ ಸುಮಾರು ಒಂದು ಕೆಜಿ ಆಸುಪಾಸಿನಲ್ಲಿ ಇರುತ್ತೆ. ಚೀಲಕ್ಕೆ 20 ಕೆಜಿ, 200 ಚೀಲಕ್ಕೆ 4 ಟನ್, ಚದರಡಿಗೆ 10 ಕೆಜಿ. ಕಾಗದದ ಮೇಲೆ ಪಾಸು. ಆದರೂ ನಾನು ಒಪ್ಪಲ್ಲ, ಕಾರಣ ಮುಂದೆ ಹೇಳ್ತೀನಿ. ನಿಮ್ಮ ಮಿಶ್ರಣ ನಿಜಕ್ಕೂ ಎಷ್ಟು ತೂಗುತ್ತೆ ಅಂತ ನನ್ನ ಮಾತು ನಂಬಬೇಕಾಗಿಲ್ಲ. ಹತ್ತು ಲೀಟರ್ ಬಕೆಟ್‌ಗೆ ತುಂಬಿಸಿ, ಚೆನ್ನಾಗಿ ನೆನೆಸಿ, ಹೆಚ್ಚಿನ ನೀರು ಇಳಿಯೋಕೆ ಬಿಟ್ಟು ತೂಗಿ, ಬಕೆಟ್ ತೂಕ ಕಳೆಯಿರಿ, ಹತ್ತರಿಂದ ಭಾಗಿಸಿ. ಆ ಒಂದು ಅಂಕಿ ಕೈಯಲ್ಲಿದ್ದರೆ ಮಿಕ್ಕ ಭಾರದ ಲೆಕ್ಕ ಎಲ್ಲ ಅದರಿಂದಲೇ ಬರುತ್ತೆ. ಭಾರದ ಕುಂಡಗಳನ್ನು ತಾರಸಿಯ ನಡುವೆ ಇಡಬೇಡಿ, ಕೆಳಗೆ ಗೋಡೆ ಅಥವಾ ತೊಲೆ ಹಾದುಹೋಗುವ ಕಡೆ ಇಡಿ.

ನರ್ಸರಿಯವರ 200 ಎಲ್ಲಿಂದ ಬಂತು? ಚೀಲ ಒಂದಡಿ ಅಗಲ, ಹಾಗಾಗಿ 20×20ಕ್ಕೆ 400, ಅದರಲ್ಲಿ ಅರ್ಧ ದಾರಿಗೆ ಬಿಟ್ಟರೆ 200. ಚೀಲ ಮಾರೋರ ಲೆಕ್ಕ ಅದು. ಗಿಡ ಚೀಲದಷ್ಟೇ ಅಗಲ ಇರಲ್ಲ ಅಲ್ವಾ? ಟೊಮೆಟೊ, ಬದನೆ ಬೆಳೆದಾಗ ಎರಡು ಅಡಿ ಹರಡುತ್ತೆ. ಚೀಲದ ನಡುವಿನಿಂದ ಮುಂದಿನ ಚೀಲದ ನಡುವಿಗೆ ಒಂದೂವರೆ ಅಡಿ ಇಡಿ, ಇಷ್ಟು ಇಟ್ಟರೂ ಸ್ವಲ್ಪ ಒತ್ತಾಗೇ ಇರುತ್ತೆ. ಎರಡು ಸಾಲು ಅಂಟಿಕೊಂಡು ಇಟ್ಟರೆ ಮೂರು ಅಡಿ, ಪಕ್ಕದಲ್ಲಿ ಬಕೆಟ್ ಹಿಡಿದು ಓಡಾಡೋಕೆ ಎರಡು ಅಡಿ ದಾರಿ. ಒಟ್ಟು ಐದು ಅಡಿ. 20 ಅಡಿಯಲ್ಲಿ ಇಂಥ ನಾಲ್ಕು ಪಟ್ಟಿ. ಒಂದೊಂದು ಸಾಲಿನಲ್ಲಿ 20ನ್ನು 1.5ರಿಂದ ಭಾಗಿಸಿದರೆ 13. ಎಂಟು ಸಾಲು, 13 ಚೀಲ, ಒಟ್ಟು 104. ಜಾಗದ ಲೆಕ್ಕದಲ್ಲಿ ಇದು ನಿಮ್ಮ ಗರಿಷ್ಠ. ಸಾಲಿನ ಮೊದಲ ಚೀಲವನ್ನು ಅಂಚಿಗೇ ಇಡದೆ ಮುಕ್ಕಾಲು ಅಡಿ ಒಳಗಿಂದ ಶುರು ಮಾಡಿ. ಇಲ್ಲದಿದ್ದರೆ ಒಂದು ಸಾಲಿಗೆ 13 ಹಿಡಿಯುತ್ತೋ 14 ಹಿಡಿಯುತ್ತೋ ಅನ್ನೋ ಗೊಂದಲ ಕೊನೆ ತನಕ ಬಿಡಲ್ಲ, ಗೋಡೆ ಪಕ್ಕದ ಗಿಡಕ್ಕೆ ಗಾಳಿಯೂ ಆಡಲ್ಲ.

ಈಗ ನೀರು. ನಿಮ್ಮ ಚೀಲಗಳ ಸಂಖ್ಯೆ ತೀರ್ಮಾನ ಮಾಡೋದು ಜಾಗ ಅಲ್ಲ, ಭಾರವೂ ಅಲ್ಲ, ಏಪ್ರಿಲ್ ತಿಂಗಳ ನೀರು.

ಒಂದು ಸೂತ್ರ ಬಾಯಿಪಾಠ ಮಾಡಿಕೊಳ್ಳಿ: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ಅಂದ್ರೆ ಒಂದು ಲೀಟರ್. ಇಷ್ಟೇ. ಮಳೆಗೂ ಇದೇ, ಆರಿಹೋಗೋ ನೀರಿಗೂ ಇದೇ. ನಮ್ಮ ಕಡೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 5ರಿಂದ 6 ಮಿ.ಮೀ. ನೀರು ಮಣ್ಣಿನಿಂದ, ಎಲೆಯಿಂದ ಆರಿಹೋಗುತ್ತೆ. ಎರಡು ಚದರಡಿ ಹರಡಿದ ಟೊಮೆಟೊ ಗಿಡ ಅಂದ್ರೆ 0.19 ಚದರ ಮೀಟರ್. ಐದೂವರೆಯಿಂದ ಗುಣಿಸಿದರೆ ದಿನಕ್ಕೆ ಒಂದು ಲೀಟರ್. ಇದು ನೆಲದಲ್ಲಿರೋ ಗಿಡದ ಲೆಕ್ಕ. ತಾರಸಿಯಲ್ಲಿ ಚೀಲದ ಪಕ್ಕಗಳೂ ಕಾಯುತ್ತೆ, ಕೆಳಗಿಂದ ಕಾಂಕ್ರೀಟ್ ಕಾಯುತ್ತೆ, ಗಾಳಿ ಬೇರೆ. ಹಾಗಾಗಿ ಒಂದೂವರೆ ಲೀಟರ್ ಹಿಡಿಯಿರಿ, ಹಣ್ಣು ತುಂಬಿದ ಗಿಡಕ್ಕೆ ಕೆಲವು ದಿನ ಎರಡು ಬೇಕಾಗಬಹುದು.

200 ಚೀಲ × 1.5 ಲೀಟರ್ = ದಿನಕ್ಕೆ 300 ಲೀಟರ್. ತಿಂಗಳಿಗೆ 9,000. ಅದು 5,000 ಲೀಟರಿನ ಟ್ಯಾಂಕರ್ ಎರಡರ ಹತ್ತಿರ! ಹತ್ತು ಲೀಟರ್ ಕ್ಯಾನ್ ಹಿಡಿದರೆ ದಿನಾ 30 ಸಲ ತುಂಬಿಸಬೇಕು. ಪೈಪ್ ಇದೆ ಅಂತೀರಾ, ಇರಲಿ. ನಿಮ್ಮ ತಾರಸಿಯ ನಲ್ಲಿ ಕೆಳಗೆ 15 ಲೀಟರ್ ಬಕೆಟ್ ಇಟ್ಟು ಎಷ್ಟು ಸೆಕೆಂಡಿಗೆ ತುಂಬುತ್ತೆ ನೋಡಿ. 75 ಸೆಕೆಂಡ್ ಆದರೆ ನಿಮಿಷಕ್ಕೆ 12 ಲೀಟರ್. 300 ಲೀಟರಿಗೆ 25 ನಿಮಿಷ ಬರೀ ನೀರು ಹರಿಯೋದಕ್ಕೇ ಬೇಕು, ಚೀಲದಿಂದ ಚೀಲಕ್ಕೆ ಹೋಗೋದು, ಪೈಪ್ ಸಿಕ್ಕಿಕೊಳ್ಳೋದು, ಮಧ್ಯೆ ಫೋನ್ ಬರೋದು ಸೇರಿಸಿ 40–45 ನಿಮಿಷ. ಪ್ರತಿದಿನ, ಬೇಸಿಗೆ ಪೂರ್ತಿ. ಮೊದಲ ತಿಂಗಳು ಉತ್ಸಾಹದಲ್ಲಿ ಎಲ್ಲರೂ ಮಾಡ್ತಾರೆ. ಮೂರನೇ ತಿಂಗಳಿಗೆ ಅರ್ಧ ಚೀಲ ಒಣಗಿರುತ್ತೆ, ಆಮೇಲೆ ತಾರಸಿ ತೋಟ ನಮಗೆ ಆಗಿಬರಲ್ಲ ಅಂತ ಮಾತು.

ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಮಾಡಿ. ನಿಮ್ಮ ಮನೆಯಲ್ಲಿ ಏಪ್ರಿಲ್‌ನಲ್ಲಿ, ಮನೆ ಬಳಕೆ ಎಲ್ಲ ಮುಗಿದ ಮೇಲೆ, ಗಿಡಕ್ಕೆ ಅಂತ ದಿನಕ್ಕೆ ಎಷ್ಟು ಲೀಟರ್ ಬಿಡಬಹುದು? 120 ಲೀಟರ್ ಅನ್ನಿ. 1.5ರಿಂದ ಭಾಗಿಸಿ. 80 ಚೀಲ. ಅದೇ ನಿಮ್ಮ ಸಂಖ್ಯೆ. 60 ಲೀಟರ್ ಅಷ್ಟೇ ಅಂದ್ರೆ 40 ಚೀಲ. ತರಕಾರಿ ತೊಳೆದ, ಅಕ್ಕಿ ತೊಳೆದ ನೀರನ್ನೂ ಸೇರಿಸಿಕೊಳ್ಳಿ, ಅದು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇರುತ್ತೆ. ಒಂದು ವಾರ ಬಕೆಟ್‌ಗೆ ಹಿಡಿದು ನೋಡಿ.

ಮಳೆ ನೀರು ಹಿಡಿದರೆ ಆಗಲ್ವಾ ಅಂತ ಮುಂದಿನ ಪ್ರಶ್ನೆ ಬರುತ್ತೆ, ಗೊತ್ತು. ಬಾಯಿಪಾಠ ಮಾಡಿದ ಸೂತ್ರವನ್ನೇ ತಗೊಳ್ಳಿ. 800 ಚದರಡಿ ಅಂದ್ರೆ 74 ಚದರ ಮೀಟರ್. 20 ಮಿ.ಮೀ. ಮಳೆ ಬಂದರೆ 1,480 ಲೀಟರ್. ಮೊದಲ ನೀರು ಧೂಳು ತೊಳೆದು ಹೋಗಲಿ ಅಂತ ಬಿಡ್ತೀವಿ, ಸ್ವಲ್ಪ ಅಲ್ಲಲ್ಲೇ ಇಂಗುತ್ತೆ, ಐದರಲ್ಲೊಂದು ಭಾಗ ಕಳೆಯಿರಿ. ಸುಮಾರು 1,200. ಒಂದೇ ಒಳ್ಳೆ ಮಳೆಗೆ ಸಾವಿರ ಲೀಟರಿನ ಟ್ಯಾಂಕ್ ತುಂಬುತ್ತೆ, ಖುಷಿ ಆಗುತ್ತೆ ಅಲ್ವಾ? 80 ಚೀಲಕ್ಕೆ ಅದು ಎಂಟು ದಿನ. ಮೈಸೂರಿಗೆ ಮೇ ಮತ್ತು ಅಕ್ಟೋಬರ್ ಒಳ್ಳೆ ಮಳೆ ತಿಂಗಳು. ಡಿಸೆಂಬರಿನಿಂದ ಮಾರ್ಚ್ ತನಕ ಹೆಚ್ಚೂಕಡಿಮೆ ಏನೂ ಇಲ್ಲ. ಆ 120 ದಿನಕ್ಕೆ ದಿನಾ 120 ಲೀಟರ್ ಅಂದ್ರೆ 14,400 ಲೀಟರ್ ಕೂಡಿಡಬೇಕು. ಅಷ್ಟು ನೀರು ತಾರಸಿ ಮೇಲೆ ಇಟ್ಟರೆ ಯಜಮಾನರ ಮಡಿಯ ಕಥೆಯೇ. ಹಾಗಾಗಿ ಮಳೆ ನೀರನ್ನು ಮಳೆಗಾಲದ ನಡುವಿನ ಬಿಸಿಲು ವಾರಗಳಿಗೆ ಅಂತ ಹಿಡಿಯಿರಿ. ಅದಕ್ಕೆ ಸಾವಿರ ಲೀಟರ್ ಧಾರಾಳ. ಬೇಸಿಗೆಯನ್ನು ಅದು ದಾಟಿಸಲ್ಲ. ಆ ಟ್ಯಾಂಕನ್ನೂ ನೆಲದಲ್ಲೇ ಇಡಿ, ತಾರಸಿಯಲ್ಲಿ ಬೇಡ.

ಇನ್ನೊಂದು ಮಾತು. ರಾತ್ರಿ ಮಳೆ ಬಂತು, ಬೆಳಿಗ್ಗೆ ತಾರಸಿ ಒದ್ದೆ ಇದೆ, ಇವತ್ತು ನೀರು ಬೇಡ ಅಂತ ಬಿಡೋರು ಬಹಳ. ಚೀಲದ ಬಾಯಿ 0.785 ಚದರಡಿ, ಅಂದ್ರೆ 0.073 ಚದರ ಮೀಟರ್. 5 ಮಿ.ಮೀ. ಮಳೆ ಬಂದರೆ ಚೀಲಕ್ಕೆ ಬೀಳೋದು 0.37 ಲೀಟರ್. ಒಂದು ಲೋಟಕ್ಕಿಂತ ಸ್ವಲ್ಪ ಜಾಸ್ತಿ! ಅದರಲ್ಲೂ ಎಲೆ ದಟ್ಟ ಇದ್ದರೆ ಹೊರಗೆ ಜಾರಿಸಿಬಿಡುತ್ತೆ. ಬೇಸಿಗೆಯ ತುಂತುರು ಮಳೆಗೆ ಗಿಡ ಬಾಡೋದು ಇದಕ್ಕೇ. ಎಷ್ಟು ಮಳೆ ಬಂತು ಅಂತ ತಿಳಿಯೋಕೆ ಬಾಯಿ ಮತ್ತು ತಳ ಒಂದೇ ಅಗಲ ಇರೋ, ನೇರ ಗೋಡೆಯ ಡಬ್ಬವನ್ನು ಬಯಲಿನಲ್ಲಿ ಇಟ್ಟು ಬೆಳಿಗ್ಗೆ ಸ್ಕೇಲ್ ಇಳಿಸಿ ಅಳೆಯಿರಿ. ಡಬ್ಬ ಎಷ್ಟು ಅಗಲ ಇದ್ದರೂ ಆಳ ಒಂದೇ ಬರುತ್ತೆ. 20 ಮಿ.ಮೀ. ದಾಟಿದ್ದರೆ ಮಾತ್ರ ಆ ದಿನ ನೀರು ಹಾಕೋದು ಬೇಡ. ಅದಕ್ಕಿಂತ ಕಡಿಮೆ ಆದರೆ ಬೆರಳು ಎರಡು ಗೆಣ್ಣು ಮಣ್ಣಿಗೆ ಚುಚ್ಚಿ ನೋಡಿ.

ತಾರಸಿಯ ನೀರು ಹೋಗೋ ಕಂಡಿಗೆ ಎಲೆ ಕಸ ಕಟ್ಟಿಕೊಳ್ಳದ ಹಾಗೆ ಜಾಲರಿ ಹಾಕಿಸಿ, ವಾರಕ್ಕೊಮ್ಮೆ ನೋಡಿ. ಕಂಡಿ ಕಟ್ಟಿ 800 ಚದರಡಿಯ ಮೇಲೆ ಒಂದೇ ಇಂಚು ನೀರು ನಿಂತರೂ ಸುಮಾರು 1,900 ಲೀಟರ್, ಅಂದ್ರೆ ಹತ್ತಿರ ಎರಡು ಟನ್, ನಿಮ್ಮ ಚೀಲಗಳ ಭಾರದ ಮೇಲೆ. ಚೀಲವನ್ನು ಇಟ್ಟಿಗೆ ಅಥವಾ ಸ್ಟ್ಯಾಂಡ್ ಮೇಲೆ ಇಟ್ಟರೆ ಕೆಳಗೆ ನೀರು ಹರಿಯುತ್ತೆ, ಛಾವಣಿಯೂ ಒಣಗಿರುತ್ತೆ.

ಕುಂಡದ ಅಳತೆ ವಿಷಯಕ್ಕೆ ಬರ್ತೀನಿ. ಅಂಗಡಿಯಲ್ಲಿ 8 ಇಂಚು, 12 ಇಂಚು, 16 ಇಂಚು ಅಂತ ಸಾಲಾಗಿ ಜೋಡಿಸಿರ್ತಾರೆ. ನಾಲ್ಕು ನಾಲ್ಕು ಇಂಚು ಅಷ್ಟೇ ವ್ಯತ್ಯಾಸ ಅನ್ಸುತ್ತೆ. ಅಗಲ, ಎತ್ತರ ಎರಡೂ ಸಮ ಇರೋ ಕುಂಡಕ್ಕೆ ಮೇಲಿನ ಲೆಕ್ಕ ಹಾಕಿ ನೋಡಿ: 8 ಇಂಚಿಗೆ ಆರೂವರೆ ಲೀಟರ್, 12ಕ್ಕೆ 22, 16ಕ್ಕೆ 52 ದಾಟುತ್ತೆ. ಅಂದ್ರೆ 12 ಇಂಚಿನ ಒಂದು ಚೀಲದಲ್ಲಿ 8 ಇಂಚಿನ ಮೂರು ಕುಂಡಕ್ಕಿಂತ ಜಾಸ್ತಿ ಮಣ್ಣಿದೆ. ಸಣ್ಣ ಕುಂಡ ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ನೀರು ಕೇಳುತ್ತೆ, ದೊಡ್ಡದು ಒಂದು ಸಲಕ್ಕೆ ಸುಮ್ಮನಿರುತ್ತೆ. 8 ಇಂಚಿನ ಕುಂಡದಲ್ಲಿ ಟೊಮೆಟೊ ನೆಡೋದು ಸುಮ್ನೆ ಗಿಡಕ್ಕೆ ಹಿಂಸೆ. ಟೊಮೆಟೊ, ಬದನೆಗೆ 15ರಿಂದ 20 ಲೀಟರ್, ಮೆಣಸಿನಕಾಯಿಗೆ 10–12, ಹೀರೆ, ಹಾಗಲದಂಥ ಬಳ್ಳಿಗೆ ಇನ್ನೂ ದೊಡ್ಡದಾದರೆ ಒಳ್ಳೇದು. ಸೊಪ್ಪಿಗೆ ಆಳ ಬೇಡ, ಆರು ಇಂಚು ಇದ್ದರೆ ಸಾಕು, ಅಗಲ ಬೇಕು. ಕೆಳಗೆ ಕಿರಿದಾಗೋ ಪೇಂಟ್ ಡಬ್ಬ, ಹಳೇ ಟಬ್ಬು ಇವಕ್ಕೆಲ್ಲ ಸೂತ್ರ ಹುಡುಕಬೇಡಿ. ತೂತು ಹಾಕೋ ಮುಂಚೆ ಮಗ್ಗಿನಲ್ಲಿ ನೀರು ಎಣಿಸಿ ತುಂಬಿಸಿ.

80 ಚೀಲಕ್ಕೆ 18.5 ಲೀಟರ್ ಅಂತೆ ಮಿಶ್ರಣ 1,480 ಲೀಟರ್. ಮೂರು ಸಮಪಾಲು ಅಂದ್ರೆ ಒಂದೊಂದೂ 500 ಲೀಟರ್. 5 ಕೆಜಿಯ ಕೋಕೋಪೀಟ್ ಇಟ್ಟಿಗೆ ನೆನೆಸಿದರೆ 70 ಲೀಟರ್ ಸುಮಾರಿಗೆ ಉಬ್ಬುತ್ತೆ, 500ಕ್ಕೆ ಏಳು ಇಟ್ಟಿಗೆ. ಗೊಬ್ಬರ ಮಾತ್ರ ಕೆಜಿ ಲೆಕ್ಕದಲ್ಲಿ ಮಾರ್ತಾರೆ, ನಿಮಗೆ ಬೇಕಿರೋದು ಲೀಟರಿನಲ್ಲಿ. ಮೊದಲು ಒಂದೇ ಮೂಟೆ ತಂದು, ಒಂದು ಬಕೆಟ್ ತೂಗಿ, ಆಮೇಲೆ ಎಷ್ಟು ಮೂಟೆ ಅಂತ ಹೇಳಿ. ಎಲ್ಲ ಬೆರೆಸಿ ನೀರು ಹಾಕಿದ ಮೇಲೆ ಎಂಟು ಹತ್ತು ದಿನಕ್ಕೆ ಮಿಶ್ರಣ ಕುಗ್ಗುತ್ತೆ, ಅದಕ್ಕೆ ನೂರಕ್ಕೆ 10–15 ಜಾಸ್ತಿ ತರಿಸಿ.

ಮನೆ ಕಸದಿಂದಲೇ ಗೊಬ್ಬರ ಮಾಡ್ಕೊಳ್ತೀವಿ ಅಂತ ಹೊರಡೋರಿಗೆ: ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಒಂದು ಕೆಜಿ ಹಸಿ ಕಸ ಬಂದರೆ ವರ್ಷಕ್ಕೆ 365 ಕೆಜಿ. ಕೊಳೆತ ಮೇಲೆ ಉಳಿಯೋದು ಅದರ ನಾಲ್ಕನೇ ಒಂದೋ ಐದನೇ ಒಂದೋ ಭಾಗ, 70ರಿಂದ 90 ಕೆಜಿ. ಮೊದಲ ವರ್ಷ ಕೊಂಡುಕೊಳ್ಳದೆ ದಾರಿಯಿಲ್ಲ. ಎರಡನೇ ವರ್ಷದಿಂದ ಚೀಲಕ್ಕೆ ವರ್ಷಕ್ಕೆ ಮೂರು ಸಲ ಒಂದೊಂದು ಲೀಟರ್ ಮೇಲ್ಗೊಬ್ಬರ ಹಾಕಿದರೆ 240 ಲೀಟರ್, ಅದರಲ್ಲಿ ಅರ್ಧ ನಿಮ್ಮ ಅಡುಗೆಮನೆಯೇ ಕೊಡುತ್ತೆ. ಹಸಿ ಕಸ ಒಂದು ಪಾಲು ಹಾಕಿದರೆ ಒಣಗಿದ ಎಲೆ ಎರಡು ಪಾಲು, ವಾಸನೆ ಬರಲ್ಲ.

ಇನ್ನು ಯಾವ ಗಿಡ ಎಷ್ಟು. ಇಲ್ಲಿ ಒಂದು ಲೆಕ್ಕ ಬಹಳ ಉಪಯೋಗಕ್ಕೆ ಬರುತ್ತೆ, ಆದರೆ ಯಾರೂ ಮಾಡಲ್ಲ: ವಾರಕ್ಕೆ ಎಷ್ಟು ಬೇಕೋ ಅದನ್ನು, ಬೆಳೆಯೋಕೆ ಎಷ್ಟು ವಾರ ಬೇಕೋ ಅದರಿಂದ ಗುಣಿಸಿ. ಉದಾಹರಣೆಗೆ ಹರಿವೆ ಸೊಪ್ಪು. ವಾರಕ್ಕೆ ಎರಡು ಸಲ ಸೊಪ್ಪಿನ ಸಾರು ಅಥವಾ ಪಲ್ಯ ಅನ್ನಿ. ಬೀಜ ಹಾಕಿದ ಮೇಲೆ ನಾಲ್ಕು ವಾರಕ್ಕೆ ಕೊಯ್ಲು. ಎರಡು ನಾಲ್ಕಲಿ ಎಂಟು. ಅಂದ್ರೆ ಯಾವಾಗಲೂ ಎಂಟು ಟ್ರೇ ಬೇರೆ ಬೇರೆ ವಯಸ್ಸಿನಲ್ಲಿ ಬೆಳೀತಿರಬೇಕು, ಕೊಯ್ದು ಮಣ್ಣು ಸರಿಮಾಡೋಕೆ ಇನ್ನೊಂದು. ಒಂಬತ್ತು ಟ್ರೇ. ಎರಡು ಚದರಡಿಯ ಟ್ರೇಗೆ ಒಂದು ಕಟ್ಟು ಬರುತ್ತೆ ಅಂತ ಅಂದುಕೊಂಡು ಶುರು ಮಾಡಿ, ಮೊದಲ ಕೊಯ್ಲನ್ನು ತೂಗಿ ನೋಡಿ ತಿದ್ದಿಕೊಳ್ಳಿ. ಒಟ್ಟು 18 ಚದರಡಿ ಜಾಗ, ವರ್ಷವಿಡೀ ಸೊಪ್ಪು. ಸೋಮವಾರ ಒಂದು ಟ್ರೇ, ಗುರುವಾರ ಒಂದು ಟ್ರೇ ಬಿತ್ತಬೇಕು, ಮರೆಯಬಾರದು, ಅಷ್ಟೇ ಕೆಲಸ. ಎಲ್ಲ ಟ್ರೇಗೂ ಒಂದೇ ದಿನ ಬೀಜ ಚೆಲ್ಲಿದರೆ ಒಂದು ತಿಂಗಳು ಏನೂ ಇಲ್ಲ, ಆಮೇಲೆ ಒಂದೇ ವಾರ ಬೀದಿಯವರಿಗೆಲ್ಲ ಹಂಚೋಷ್ಟು.

ಟೊಮೆಟೊಗೆ ಇದೇ ಲೆಕ್ಕ ಹಾಕಿದರೆ ಉತ್ಸಾಹ ಸ್ವಲ್ಪ ಇಳಿಯುತ್ತೆ. ಚೀಲದಲ್ಲಿ ಒಂದು ಗಿಡ ಒಟ್ಟು ಎರಡು ಕೆಜಿ ಹಣ್ಣನ್ನು ಎಂಟು ವಾರದಲ್ಲಿ ಕೊಟ್ಟರೆ ಚೆನ್ನಾಗಿ ಬೆಳೆಸಿದ್ದೀರಿ ಅಂತ ಅರ್ಥ. ವಾರಕ್ಕೆ ಕಾಲು ಕೆಜಿ. ನಿಮ್ಮ ಮನೆಗೆ ವಾರಕ್ಕೆ ಎರಡು ಕೆಜಿ ಬೇಕಾದರೆ ಹಣ್ಣು ಬಿಡ್ತಿರೋ ಗಿಡ ಎಂಟು ಇರಬೇಕು. ಆದರೆ ಗಿಡ ಚೀಲದಲ್ಲಿ ಕೂರೋದು ಒಟ್ಟು 18 ವಾರ, ಹಣ್ಣು ಬಿಡೋದು ಎಂಟೇ ವಾರ. ಹಾಗಾಗಿ ಬಿಡುವಿಲ್ಲದೆ ಹಣ್ಣು ಬೇಕಂದ್ರೆ 18 ಚೀಲ ಟೊಮೆಟೊಗೇ ಹೋಯ್ತು. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿದಾಗ ಎಷ್ಟೋ ಜನ ತಾರಸಿ ಮೇಲೆ ಟೊಮೆಟೊ ಹಾಕೋಕೆ ಹೊರಟರು, ಬೀಜದಿಂದ ಹಣ್ಣಿಗೆ ಮೂರು ತಿಂಗಳು ಬೇಕು, ಸೆಪ್ಟೆಂಬರ್ ಹೊತ್ತಿಗೆ ಮಾರುಕಟ್ಟೆಯಲ್ಲಿ ಬೆಲೆ ಬಿದ್ದೇ ಹೋಗಿತ್ತು. ನನ್ನ ಸಲಹೆ ಕೇಳಿದರೆ ಟೊಮೆಟೊ ಎಂಟೋ ಒಂಬತ್ತೋ ಚೀಲ ಸಾಕು, ರುಚಿಗೆ. ಮಿಕ್ಕಿದ್ದು ಅಂಗಡಿಯಿಂದ ತನ್ನಿ.

ಬೆಂಡೆ ವಿಷಯದಲ್ಲಿ ಉಲ್ಟಾ ತಪ್ಪು ನಡೆಯುತ್ತೆ. ಎರಡು ಗಿಡ ಹಾಕಿಕೊಂಡು ಕಾಯ್ತಾ ಕೂರ್ತಾರೆ. ಒಂದು ಗಿಡ ಎರಡು ದಿನಕ್ಕೊಂದು ಕಾಯಿ ಅಂದ್ರೆ ವಾರಕ್ಕೆ ಮೂರು. ನಾಲ್ಕು ಜನರ ಪಲ್ಯಕ್ಕೆ 30 ಕಾಯಿ ಬೇಕು. ಹತ್ತು ಗಿಡ ಇಲ್ಲದೆ ವಾರಕ್ಕೊಂದು ಪಲ್ಯ ಆಗಲ್ಲ. ಚೀಲಕ್ಕೆ ಎರಡು ಗಿಡ, ಐದು ಚೀಲ. ಬೀಜ ನೂರಕ್ಕೆ 80 ಮೊಳೆಯುತ್ತೆ ಅಂತ ಪೊಟ್ಟಣದ ಮೇಲೆ ಇದ್ದರೆ ಹತ್ತನ್ನು 0.8ರಿಂದ ಭಾಗಿಸಿ, ಹದಿಮೂರು. ಇಲಿಗೊಂದು, ಹಕ್ಕಿಗೊಂದು ಅಂತ 15 ಹಾಕಿ. ಮೆಣಸಿನಕಾಯಿಗೆ ನಾಲ್ಕು ಚೀಲ ಬೇಕಾದಷ್ಟಾಯ್ತು. ಬದನೆ ಎಂಟು, ಹುರುಳಿಕಾಯಿ ಹತ್ತು, ಬಳ್ಳಿಗೆ ದೊಡ್ಡ ಚೀಲ ನಾಲ್ಕು, ಕರಿಬೇವು ಒಂದು. ಎಲ್ಲ ಕೂಡಿಸಿ, 40 ಚಿಲ್ಲರೆ ಬರುತ್ತೆ, ಸೊಪ್ಪಿನ ಟ್ರೇ ಬೇರೆ. ಇಷ್ಟರಿಂದ ಶುರು ಮಾಡಿ. 80 ನಿಮ್ಮ ಮಿತಿ ಅಷ್ಟೇ, ಮೊದಲ ವರ್ಷವೇ ಮುಟ್ಟಬೇಕಾಗಿಲ್ಲ.

ಬಿಸಿಲು. ಎತ್ತರದ ಗಿಡ ಉತ್ತರಕ್ಕೆ, ಗಿಡ್ಡ ಗಿಡ ದಕ್ಷಿಣಕ್ಕೆ ಅಂತ ಹೊರದೇಶದ ವಿಡಿಯೋಗಳಲ್ಲಿ ಹೇಳ್ತಾರೆ. ಅವರ ಊರಿಗೆ ಸರಿ, ಅಲ್ಲಿ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ವಾಲಿರ್ತಾನೆ. ಮೈಸೂರು ಇರೋದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 22–23ರ ಸುಮಾರಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ, ಆಮೇಲೆ ಆಗಸ್ಟ್ 20ರ ತನಕ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿ ಇರ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತೆ. ಹಾಗಾಗಿ ಮಳೆಗಾಲದ ಬೆಳೆಗೆ ಆ ನಿಯಮ ಲೆಕ್ಕಕ್ಕಿಲ್ಲ. ಚಳಿಗಾಲಕ್ಕೆ ಮಾತ್ರ ಬೇಕು. ಡಿಸೆಂಬರ್ ಕೊನೆಯಲ್ಲಿ ನಿಮ್ಮಲ್ಲಿ ಮಧ್ಯಾಹ್ನದ ಸೂರ್ಯ 54 ಡಿಗ್ರಿ ಎತ್ತರದಲ್ಲಿ ಇರ್ತಾನೆ. ದಕ್ಷಿಣದ ಪಕ್ಕದ ಮನೆ ನಿಮ್ಮ ತಾರಸಿಗಿಂತ ಹತ್ತು ಅಡಿ ಎತ್ತರ ಇದ್ದರೆ ಅದರ ನೆರಳು ಏಳು ಅಡಿಗೂ ಸ್ವಲ್ಪ ಜಾಸ್ತಿ ನಿಮ್ಮ ಕಡೆ ಬರುತ್ತೆ. ಅದೇ ಮನೆ ಉತ್ತರಕ್ಕೆ ಇದ್ದರೆ ಜೂನ್‌ನಲ್ಲಿ ಎರಡೇ ಅಡಿ ನೆರಳು.

ಡಿಗ್ರಿ ಲೆಕ್ಕ ಬೇಡ ಅಂದ್ರೆ 12 ಇಂಚಿನ ಸ್ಕೇಲ್ ನೇರ ನಿಲ್ಲಿಸಿ, ಮಧ್ಯಾಹ್ನದ ನೆರಳು ಅಳೆಯಿರಿ. ಡಿಸೆಂಬರಿನಲ್ಲಿ ಎಂಟೂವರೆ ಇಂಚು ಬರುತ್ತೆ. 12 ಇಂಚಿಗೆ ಎಂಟೂವರೆ ಆದರೆ ಹತ್ತು ಅಡಿಗೆ ಎಷ್ಟು? ಶಾಲೆಯ ತ್ರೈರಾಶಿ. ಮಧ್ಯಾಹ್ನ ಅಂದ್ರೆ ಗಡಿಯಾರದ 12 ಅಲ್ಲ ಮತ್ತೆ. ನಮ್ಮ ಗಡಿಯಾರ ನಡೆಯೋದು ಮೈಸೂರಿಗಿಂತ ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಸಮಯಕ್ಕೆ. ಡಿಸೆಂಬರ್ ಕೊನೆಯಲ್ಲಿ ಮೈಸೂರಿನಲ್ಲಿ ಸೂರ್ಯ ತುದಿ ಮುಟ್ಟೋದು 12:20 ದಾಟಿದ ಮೇಲೆ. ಬೆಳಿಗ್ಗೆ ಒಂಬತ್ತಕ್ಕೂ, ಸಂಜೆ ನಾಲ್ಕಕ್ಕೂ ಒಮ್ಮೆ ತಾರಸಿಗೆ ಹತ್ತಿ ನೆರಳಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಆರು ಗಂಟೆ ಬಿಸಿಲು ಸಿಗದ ಜಾಗಕ್ಕೆ ಸೊಪ್ಪು, ಪುದೀನ. ಸಿಗೋ ಜಾಗಕ್ಕೆ ಕಾಯಿ ಬಿಡೋ ಗಿಡ.

ಔಷಧಿ, ಗೊಬ್ಬರದ ನೀರಿನ ಲೆಕ್ಕ ಬೇಗ ಮುಗಿಸ್ತೀನಿ. ಬೇವಿನ ಎಣ್ಣೆ ಲೀಟರಿಗೆ 5 ಮಿ.ಲೀ., ಎರಡು ಲೀಟರ್ ಸ್ಪ್ರೇಯರಿಗೆ 10. ಅಳೆಯೋಕೆ ಮಕ್ಕಳ ಸಿರಪ್ಪಿನ ಮುಚ್ಚಳ ಸಾಕು, ಅದರಲ್ಲಿ ಗೆರೆ ಇರುತ್ತೆ. ಅಡುಗೆ ಚಮಚ ಬೇಡ, ಒಂದೊಂದು ಚಮಚ ಒಂದೊಂದು ಅಳತೆ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರ ಜೀವಾಮೃತದ (ಸಗಣಿ, ಗಂಜಲ ಕಲಸಿ ಹುಳಿಸಿದ ಗೊಬ್ಬರದ ನೀರು) ಅಳತೆ ಒಂದು ಎಕರೆಗೆ: 200 ಲೀಟರ್ ನೀರು, 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, ಬೆಲ್ಲ 2 ಕೆಜಿ, ದ್ವಿದಳ ಧಾನ್ಯದ ಹಿಟ್ಟು 2 ಕೆಜಿ, ಒಂದು ಹಿಡಿ ಮಣ್ಣು. ನಿಮಗೆ 10 ಲೀಟರ್ ಸಾಕು, ಎಲ್ಲವನ್ನೂ 20ರಿಂದ ಭಾಗಿಸಿ. ಸಗಣಿ ಅರ್ಧ ಕೆಜಿ, ಗಂಜಲ ಕಾಲರಿಂದ ಅರ್ಧ ಲೀಟರ್, ಬೆಲ್ಲ 100 ಗ್ರಾಂ, ಹಿಟ್ಟು 100 ಗ್ರಾಂ. 19:19:19 ಅಂತ ಬರೆದಿರೋ, ಅಂದ್ರೆ ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು ಇರೋ ರಾಸಾಯನಿಕ ಗೊಬ್ಬರದ ಪುಡಿ ತಂದರೆ ಚೀಲಕ್ಕೆ ಹಾಕೋ ನೀರಿಗೆ ಲೀಟರಿಗೆ 2 ಗ್ರಾಂ ದಾಟಿಸಬೇಡಿ. ಎರಡು ಪಟ್ಟು ಹಾಕಿದರೆ ಗಿಡ ಎರಡು ಪಟ್ಟು ಬೆಳೆಯಲ್ಲ, ಎಲೆ ಅಂಚು ಸುಡುತ್ತೆ.

ಕೊನೆಗೆ, ಊರಿಗೆ ಹೋದಾಗ ಏನು ಮಾಡೋದು ಅಂತ ನೀವು ಕೇಳಿಲ್ಲ, ಆದರೆ ಕೇಳೇ ಕೇಳ್ತೀರಿ. ಗಂಟೆಗೆ ಎರಡು ಲೀಟರ್ ಬಿಡೋ ಡ್ರಿಪ್ಪರ್ ಚೀಲಕ್ಕೊಂದು ಹಾಕಿಸಿದರೆ 40 ಚೀಲಕ್ಕೆ ಗಂಟೆಗೆ 80 ಲೀಟರ್. ಚೀಲಕ್ಕೆ ಒಂದೂವರೆ ಬೇಕು, ಅಂದ್ರೆ ಮುಕ್ಕಾಲು ಗಂಟೆ, ದಿನಕ್ಕೆ 60 ಲೀಟರ್. 500 ಲೀಟರಿನ ಟ್ಯಾಂಕ್ ಎಂಟು ದಿನ ಬರುತ್ತೆ. ಆದರೆ ಆ ಎರಡು ಲೀಟರ್ ಅನ್ನೋದು ಕಂಪನಿಯವರು ಹೇಳುವ ಒತ್ತಡ ಇದ್ದಾಗ ಮಾತ್ರ. ಟ್ಯಾಂಕ್ ಮೂರು ನಾಲ್ಕು ಅಡಿ ಎತ್ತರದಲ್ಲಿ ಇದ್ದರೆ ಅಷ್ಟು ಬರಲ್ಲ. ಹೊರಡೋ ಹಿಂದಿನ ವಾರ ಟ್ಯಾಂಕಿಗೆ ಹತ್ತಿರದ ಒಂದು ಡ್ರಿಪ್ಪರ್ ಕೆಳಗೆ, ದೂರದ ತುದಿಯ ಒಂದರ ಕೆಳಗೆ ಒಂದೊಂದು ಲೋಟ ಇಟ್ಟು 15 ನಿಮಿಷ ಹಿಡಿಯಿರಿ. ಬಂದಿದ್ದನ್ನು ನಾಲ್ಕರಿಂದ ಗುಣಿಸಿ. ಎರಡೂ ಲೋಟದಲ್ಲಿ ಬಹಳ ವ್ಯತ್ಯಾಸ ಇದ್ದರೆ ಟೈಮರನ್ನು ಕಡಿಮೆ ಬಂದ ಲೋಟದ ಲೆಕ್ಕಕ್ಕೆ ಇಡಿ.